ಸ್ಲೋನಲ್ಲಿ ನಡುಗುವ ಲಾರಿ: ಪಂಪ್ ಬಿಚ್ಚುವ ಮುಂಚೆ

ಚಾರ್ಮಾಡಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋಗುವುದು ಕಡಿಮೆ. ಅವತ್ತು ನಾನೂ ನಿಲ್ಲಿಸಿದ್ದೆ. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬಂದಿದ್ದ ನಮ್ಮ ಹಳೆ ನಾಲ್ಕು ಸಿಲಿಂಡರಿನ ಲಾರಿ. ಬ್ಯಾಟರಿ ವೀಕ್ ಇದ್ದದ್ದರಿಂದ ಎಂಜಿನ್ ಆಫ್ ಮಾಡಿರಲಿಲ್ಲ. ಹೋಟೆಲ್ ಬೆಂಚಿನಿಂದ ನೋಡಿದರೆ ಎಡಗಡೆ ಕನ್ನಡಿ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕನ್ನಡಿಯೊಳಗಿನ ರಸ್ತೆಯೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೀಗಿರಲಿಲ್ಲ.

ಈ ಕೊನೆಯ ಮಾತು ನೆನಪಿರಲಿ. ಅದರ ಬೆಲೆ ನನಗೆ ಗೊತ್ತಾಗಿದ್ದು ಡೀಸೆಲ್ ಪಂಪ್ ಸರ್ವಿಸ್‌ಗೆ ದುಡ್ಡು ಸುರಿದ ಮೇಲೆ.

ಹಳೆ ಡೀಸೆಲ್ ಗಾಡಿ ಇಟ್ಟುಕೊಂಡಿರುವವರಿಗೆಲ್ಲ ಈ ರೋಗ ಗೊತ್ತು. ರೋಡಿಗೆ ಬಿಟ್ಟರೆ ಓಡುತ್ತದೆ, ಲೋಡ್ ಎಳೆಯುತ್ತದೆ. ನಿಲ್ಲಿಸಿ ಸ್ಲೋಗೆ ಬಿಟ್ಟರೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡಲು ಬಿಟ್ಟರೆ ಮಾತ್ರ ಮೈಯೆಲ್ಲ ಅಲ್ಲಾಡಿಸುತ್ತದೆ. ನಾನು ಹೇಳುತ್ತಿರುವುದು ಮೆಕ್ಯಾನಿಕಲ್ ಪಂಪ್ ಇರುವ ಹಳೆ ಗಾಡಿಗಳ ಕಥೆ. ಅಂದರೆ ಎಂಜಿನ್ ಪಕ್ಕದಲ್ಲಿ ಪಂಪ್, ಅದರಿಂದ ಪ್ರತಿ ಸಿಲಿಂಡರಿಗೂ ಒಂದೊಂದು ಸ್ಟೀಲ್ ಪೈಪ್. ಎಲ್ಲ ಸಿಲಿಂಡರಿಗೂ ಒಂದೇ ದಪ್ಪ ಪೈಪಿನಿಂದ ಡೀಸೆಲ್ ಹಂಚುವ ಈಗಿನ ಕಾಮನ್ ರೈಲ್ ಗಾಡಿಗಳಿಗೆ ಇಲ್ಲಿ ಹೇಳುವ ಪೈಪ್ ಸಡಿಲಿಸುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬೇಡಿ. ಅದರಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ಮೀರಬಹುದು. ಕೈಗೆ ತಗುಲಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಮೊದಲು, ಸ್ಲೋನಲ್ಲಿ ಮಾತ್ರ ಯಾಕೆ ನಡುಗುತ್ತದೆ ಅನ್ನುವುದು. ಇದು ಅರ್ಥವಾದರೆ ಅರ್ಧ ರಿಪೇರಿ ಆದ ಹಾಗೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹಿಂಡುತ್ತದೆ, ಹಿಂಡಿದ ಗಾಳಿ ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ತರ, ಆದರೆ 500 ಡಿಗ್ರಿ ದಾಟುವಷ್ಟು. ಆ ಬಿಸಿ ಗಾಳಿಗೆ ನಾಜಲ್ ಡೀಸೆಲ್ ಸಿಂಪಡಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಿಲಿಂಡರಿಗೂ ಬೇಕಾದದ್ದು ಎರಡೇ: ಸರಿಯಾಗಿ ಹಿಂಡಿದ ಗಾಳಿ, ಸರಿಯಾದ ಹೊತ್ತಿಗೆ ಸರಿಯಾದಷ್ಟು ಡೀಸೆಲ್.

ಈಗ ಸಣ್ಣ ಲೆಕ್ಕ. ಎಂಜಿನ್ ಸ್ಲೋನಲ್ಲಿ ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ಅಲ್ಲಿಗೆ ಒಂದು ಸಿಲಿಂಡರ್ 350 ಸಲ, ನಾಲ್ಕೂ ಸೇರಿ 1,400 ಸಲ. ಗಂಟೆಗೆ 84,000. ಇಂಥ ಎಂಜಿನ್ ಸ್ಲೋನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಡೀಸೆಲ್ ಕುಡಿಯಿತು ಅನ್ನಿ. ಒಂದು ಸಲಕ್ಕೆ ಬೀಳುವುದು ಸುಮಾರು 9 ಘನ ಮಿಲಿಮೀಟರ್. ಔಷಧಿ ಡ್ರಾಪರಿನಿಂದ ಬೀಳುವ ಒಂದು ಹನಿ ಸುಮಾರು 50 ಘನ ಮಿಲಿಮೀಟರ್ ಇರುತ್ತದೆ. ಅಂದರೆ ಒಂದು ಹನಿಯನ್ನು ಐದಾರು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಸಲಕ್ಕೆ ಕೊಡಬೇಕು. ನಾಲ್ಕು ಸಿಲಿಂಡರಿಗೂ ಸಮನಾಗಿ. ಇಡೀ ದಿನ.

ಇಂಥ ಹಂಚಿಕೆಯಲ್ಲಿ ಒಂದು ನಾಜಲ್ ಎರಡು ಘನ ಮಿಲಿಮೀಟರ್ ಕಮ್ಮಿ ಕೊಟ್ಟರೂ ಆ ಸಿಲಿಂಡರ್ ಕುಂಟುತ್ತದೆ. ಅದೇ ಘಾಟಿ ಹತ್ತುವಾಗ ಪ್ರತಿ ಸಲಕ್ಕೆ ಇದರ ಹಲವು ಪಟ್ಟು ಡೀಸೆಲ್ ಹೋಗುತ್ತಿರುತ್ತದೆ. ಅಲ್ಲಿ ಎರಡು ಕಮ್ಮಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಗಾಳಿಯ ಕಡೆಯಿಂದಲೂ ಹೀಗೇ. 700 ಸುತ್ತಿನಲ್ಲಿ ಪಿಸ್ಟನ್ ಒಂದು ಸಲ ಗಾಳಿ ಹಿಂಡುವುದಕ್ಕೆ ಸೆಕೆಂಡಿನ 23ರಲ್ಲಿ ಒಂದು ಭಾಗ ಹಿಡಿಯುತ್ತದೆ. 2,800 ಸುತ್ತಿನಲ್ಲಿ ಅದರ ಕಾಲು ಭಾಗ ಸಾಕು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ, ಗಾಳಿ ಹೋಗಿಬರುವ ದಾರಿ ಮುಚ್ಚುವ ವಾಲ್ವ್ ಸರಿಯಾಗಿ ಕೂರದಿದ್ದರೆ, ಸ್ಲೋನಲ್ಲಿ ಗಾಳಿ ಸೋರಿಹೋಗಲು ನಾಲ್ಕು ಪಟ್ಟು ಹೊತ್ತು ಸಿಗುತ್ತದೆ. ಅದಕ್ಕೇ "ಗಾಡಿ ಎಳೀತಿದೆ ಬಿಡಿ, ಸ್ಲೋ ಒಂದೇ ಪ್ರಾಬ್ಲಂ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಮುಂದೆ ದೊಡ್ಡದಾಗಿ ಬರುವ ತೊಂದರೆ ಮೊದಲು ತಲೆ ಹಾಕುವುದೇ ಸ್ಲೋನಲ್ಲಿ.

ನಮ್ಮ ಊರಿನ ಇನ್ನೊಂದು ವಿಷಯವನ್ನೂ ಸೇರಿಸಬೇಕು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ. 10ರಷ್ಟು ತೆಳು. ಡಿಸೆಂಬರಿನ ಚಳಿ ಬೇರೆ. ಹಾಗಾಗಿ ಬಂದರಿನಲ್ಲಿ ಹೇಗೋ ಉರಿಯುತ್ತಿದ್ದ ಒಂದು ಬಡಕಲು ಸಿಲಿಂಡರ್, ಇಲ್ಲಿ ಕಾಫಿ ಕೊಯ್ಲಿನ ಬೆಳಿಗ್ಗೆ ಆರು ಗಂಟೆಗೆ ಉರಿಯಲು ಒಪ್ಪದಿರಬಹುದು. ಗಾಡಿ ಕೆಳಗೆ ಸರಿ ಇತ್ತು, ಮೇಲೆ ಬಂದು ಕೆಟ್ಟಿತು ಅಂದರೆ ಡ್ರೈವರ್ ಸುಳ್ಳು ಹೇಳುತ್ತಿದ್ದಾನೆ ಅಂತ ಅಲ್ಲ.

ಸರಿ, ನಡುಗುತ್ತಿದೆ. ಹೇಗೆ ನಡುಗುತ್ತಿದೆ? ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ನಿಮಿಷ ಸೈಲೆನ್ಸರ್ ಹತ್ತಿರ ನಿಂತು ಕಿವಿ ಕೊಡಿ.

ತಾಳ ಹಿಡಿದು ನಡುಗಿದರೆ, ಅಂದರೆ ಡಗ್ ಡಗ್ ಡಗ್ ಅಂತ ಮೂರು ಬಡಿತ, ನಾಲ್ಕನೆಯದು ಇಲ್ಲ, ಮತ್ತೆ ಮೂರು ಬಡಿತ ಹೀಗಿದ್ದರೆ, ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇದನ್ನೇ ಮಿಸ್ ಹೊಡೀತಿದೆ ಅನ್ನುವುದು. ಎಂಜಿನ್ನೇ ಉಸಿರು ಎಳೆದು ಬಿಟ್ಟ ಹಾಗೆ ಸ್ಪೀಡ್ ಏರಿ ಇಳಿದು ಏರಿ ಇಳಿದು ಮಾಡುತ್ತಿದ್ದರೆ ತೊಂದರೆ ಒಂದು ಸಿಲಿಂಡರಿನದ್ದಲ್ಲ. ಎಲ್ಲಕ್ಕೂ ಡೀಸೆಲ್ ಕೊಡುವ ಕಡೆ ಏನೋ ಆಗಿದೆ: ಡೀಸೆಲ್ ಪೈಪಿಗೆ ಗಾಳಿ ಸೇರಿ ಏರ್ ಹಿಡಿದಿರಬಹುದು, ಎಂಜಿನ್ ಸ್ಪೀಡನ್ನು ಹಿಡಿತದಲ್ಲಿಡುವ ಗವರ್ನರ್ ಇರಬಹುದು, ಪಂಪಿನೊಳಗೆ ಡೀಸೆಲ್ ಪ್ರಮಾಣ ಹೊಂದಿಸುವ ರ್‍ಯಾಕ್ ಬಿಗಿಯಾಗಿರಬಹುದು. ತಾಳವೂ ಇಲ್ಲ, ಏರಿಳಿತವೂ ಇಲ್ಲ, ಯಾವಾಗಲೋ ಒಮ್ಮೆ ಎಡವುತ್ತದೆ ಅಂದರೆ ಏರ್, ನೀರು ಅಥವಾ ಕಟ್ಟಿಕೊಂಡ ಫಿಲ್ಟರ್. ಇನ್ನು ಸೈಲೆನ್ಸರ್ ಸದ್ದು ಗಡಿಯಾರದ ಹಾಗೆ ಸಮನಾಗಿದೆ, ಕ್ಯಾಬಿನ್ ಮಾತ್ರ ಅಲ್ಲಾಡುತ್ತಿದೆ ಅಂದರೆ ಎಂಜಿನ್ನಿಗೆ ಏನೂ ಆಗಿಲ್ಲ. ಮೌಂಟಿಂಗ್ ರಬ್ಬರ್ ಕೂತುಹೋಗಿದೆ, ಇಲ್ಲವೇ ಸ್ಲೋ ತೀರಾ ಕಮ್ಮಿ ಇಟ್ಟಿದ್ದಾರೆ.

ಮೌಂಟಿಂಗ್ ಬಗ್ಗೆ ಇಷ್ಟು ಸಾಕು. ಆದರೆ ಸ್ಲೋ ಸ್ಕ್ರೂ ಬಗ್ಗೆ ಒಂದು ಮಾತು. ಯಾವ ರೋಗಕ್ಕೂ ಆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಸ್ಪೀಡ್ ಜಾಸ್ತಿ ಮಾಡಿ ಕಳಿಸಿಬಿಡುವವರಿದ್ದಾರೆ. ನಡುಕ ನಿಂತ ಹಾಗೆ ಕಾಣುತ್ತದೆ. ಒಳಗಿನ ತೊಂದರೆ ಅಲ್ಲೇ ಇರುತ್ತದೆ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತದೆ.

ಏರ್ ಹಿಡಿಯುವುದರಿಂದ ಶುರು ಮಾಡೋಣ. ಖರ್ಚಿಲ್ಲದ ಕೆಲಸ ಇದೇ, ಮತ್ತೆ ಹಳೆ ಗಾಡಿಗಳಲ್ಲಿ ಜಾಸ್ತಿ ಸಿಗುವುದೂ ಇದೇ.

ಡೀಸೆಲ್ ಟ್ಯಾಂಕ್ ಕೆಳಗಿರುತ್ತದೆ. ಪಂಪಿನ ಪಕ್ಕದಲ್ಲಿರುವ ಫೀಡ್ ಪಂಪ್ ಅದನ್ನು ಎಳೆದು ಫಿಲ್ಟರಿಗೆ ತಳ್ಳುತ್ತದೆ. ಹಾಗಾಗಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡ ಇಲ್ಲ, ಸೆಳೆತ ಇದೆ. ಇಲ್ಲೇ ಬಹಳ ಜನ ಮೋಸ ಹೋಗುವುದು. ಎಲ್ಲಿ ಡೀಸೆಲ್ ಜಿನುಗುತ್ತಿದೆ ಅಂತ ಹುಡುಕುತ್ತಾರೆ. ಎಂಜಿನ್ ಓಡುತ್ತಿರುವಾಗ ಈ ಭಾಗದ ತೂತಿನಿಂದ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಡೆ ಒಣಗಿಕೊಂಡೇ ಇರುತ್ತದೆ. ಬಿರುಕು ಬಿಟ್ಟ ರಬ್ಬರ್ ಹೋಸ್, ಹಳೆ ಕ್ಲಿಪ್ಪು, ಹತ್ತು ಸಲ ಬಿಚ್ಚಿ ಹಾಕಿದ ತಾಮ್ರದ ವಾಷರ್, ಇವೇ ಅಪರಾಧಿಗಳು.

ಒಂದು ಹಳೆ ಉಪಾಯ ಇದೆ. ಸಣ್ಣ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿಸಿ. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದ ಒಂದು ಹೊಸ ಹೋಸ್ ನೇರವಾಗಿ ಫೀಡ್ ಪಂಪಿಗೆ ಕೊಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಎಂಜಿನ್ ನಡುಗದೆ ಓಡಿದರೆ ತೊಂದರೆ ಕ್ಯಾನಿನ ಆಚೆ ಇದೆ: ಟ್ಯಾಂಕಿನ ಜಾಲರಿ, ಪೈಪ್, ಗಾಳಿ ಆಡದ ಟ್ಯಾಂಕ್ ಮುಚ್ಚಳ. ಸರಿಯಾಗದಿದ್ದರೆ ಫಿಲ್ಟರ್ ಕಡೆ ಬನ್ನಿ. ಹತ್ತು ನಿಮಿಷದಲ್ಲಿ ಗಾಡಿಯನ್ನು ಎರಡು ಭಾಗ ಮಾಡಿ ಒಂದನ್ನು ಬಿಟ್ಟ ಹಾಗಾಯಿತು.

ಏರ್ ತೆಗೆಯುವುದು ಬಹಳ ಡ್ರೈವರ್‌ಗಳಿಗೆ ಗೊತ್ತು, ಆದರೆ ಅವಸರ ಮಾಡುತ್ತಾರೆ. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿನದ್ದು. ಕೈಯಿಂದ ಡೀಸೆಲ್ ತಳ್ಳುವ ಪ್ರೈಮರ್ ಒತ್ತುತ್ತಾ ಗುಳ್ಳೆ ಪೂರ್ತಿ ನಿಲ್ಲುವವರೆಗೂ ಕಾಯಬೇಕು, ಡೀಸೆಲ್ ಹರಿಯುತ್ತಿರುವಾಗಲೇ ಬಿಗಿ ಮಾಡಬೇಕು. ನೊರೆ ಬಂದು ಹೋಯಿತು ಅಂತ ಬಿಗಿ ಮಾಡಿದರೆ ಉಳಿದ ಗುಳ್ಳೆ ಒಳಗೇ ಸುತ್ತುತ್ತಿರುತ್ತದೆ.

ನೀರಿನದ್ದು ಮಲೆನಾಡಿಗೆ ವಿಶೇಷ. ಎಸ್ಟೇಟುಗಳಲ್ಲಿ ಬ್ಯಾರಲ್ಲಿನಲ್ಲಿ ಡೀಸೆಲ್ ಇಡುತ್ತಾರೆ, ಮಳೆಗಾಲದಲ್ಲಿ ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತದೆ. ಅರ್ಧ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲೂ ಒಳಗೋಡೆಯ ಮೇಲೆ ತೇವ ಕಟ್ಟಿ ಕೆಳಗೆ ಸೇರುತ್ತದೆ. ಫಿಲ್ಟರಿನ ಅಡಿಯ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ.

ಇಲ್ಲಿಗೂ ನಡುಕ ನಿಲ್ಲಲಿಲ್ಲ, ತಾಳ ಹಿಡಿದೇ ನಡುಗುತ್ತಿದೆ ಅಂದರೆ ಯಾವ ಸಿಲಿಂಡರ್ ಅಂತ ಹುಡುಕಬೇಕು.

ಬೆಳಗಿನ ಚಳಿಯಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಗೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಪೂರ್ತಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ದೋಸೆ ಕಾವಲಿಗೆ ಚಿಮುಕಿಸುವ ಹಾಗೆ ಬೆರಳ ತುದಿಯಿಂದ ಒಂದೊಂದು ಹನಿ ನೀರನ್ನು ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ, ಪ್ರತಿ ಸಿಲಿಂಡರಿನ ಬಾಯಿಯ ಹತ್ತಿರ ಹಾಕುವುದು. ಉರಿಯುತ್ತಿರುವ ಸಿಲಿಂಡರಿನ ಹತ್ತಿರ ಹನಿ ಬೇಗ ಆರುತ್ತದೆ, ಇನ್ನೂ ಕಾದಿದ್ದರೆ ಚುಂಯ್ ಅನ್ನುತ್ತದೆ. ಉರಿಯದ ಕಡೆ ಸುಮ್ನೆ ಕೂತಿರುತ್ತದೆ. ಹನಿ ಅಷ್ಟೇ, ಚೊಂಬಿನಲ್ಲಿ ಸುರಿಯಬಾರದು. ಕಾದ ಬೀಡು ಕಬ್ಬಿಣಕ್ಕೆ ಬಿರುಕು ಬರುತ್ತದೆ.

ಬಿಸಿಯಾದ ಎಂಜಿನ್ನಿಗೆ ಈ ಆಟ ನಡೆಯುವುದಿಲ್ಲ. ಎಲ್ಲವೂ ಕಾದಿರುತ್ತವೆ. ಆಗ ಒಂದೊಂದೇ ಸಿಲಿಂಡರಿನ ಡೀಸೆಲ್ ತಪ್ಪಿಸಿ ನೋಡುವುದು. ಎಂಜಿನ್ ಸ್ಲೋನಲ್ಲಿರುವಾಗ, ನಾಜಲ್ ತುದಿಯಲ್ಲಿರುವ ಪೈಪಿನ ನಟ್ಟಿಗೆ 17 ಅಥವಾ 19ರ ಸ್ಪ್ಯಾನರ್ ಹಾಕಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಅರ್ಧ ಸುತ್ತು ಮಾತ್ರ ಸಡಿಲಿಸಿ. ಡೀಸೆಲ್ ಅಲ್ಲೇ ಸೋರಿ ನಾಜಲ್ ತೆರೆಯುವುದು ನಿಲ್ಲುತ್ತದೆ. ಒಳ್ಳೆಯ ಸಿಲಿಂಡರ್ ಆಗಿದ್ದರೆ ಎಂಜಿನ್ ತಕ್ಷಣ ಇನ್ನಷ್ಟು ಕುಂಟುತ್ತದೆ. ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಯಾವ ನಟ್ ಸಡಿಲಿಸಿದರೂ ಎಂಜಿನ್ನಿಗೆ ಏನೂ ಅನ್ನಿಸಲಿಲ್ಲವೋ ಅದೇ ಸತ್ತ ಸಿಲಿಂಡರ್. ಕಣ್ಣಿಗೆ ಕನ್ನಡಕ ಇರಲಿ, ಬರಿಗೈಯನ್ನು ಸೋರುವ ಜಾಗಕ್ಕೆ ಹಿಡಿಯಬೇಡಿ. ಹಳೆ ನಾಜಲ್ ಕೂಡ ತೆರೆಯುವುದು 200 ಬಾರ್ ಆಸುಪಾಸಿನಲ್ಲಿ. ಕಾರಿನ ಟೈರಿನ ಗಾಳಿಯ ನೂರು ಪಟ್ಟು ಅದು.

ಸಿಲಿಂಡರ್ ಸಿಕ್ಕಿತು. ಈಗ ಮೂರರಲ್ಲಿ ಒಂದು: ನಾಜಲ್, ಪಂಪಿನ ಆ ಸಿಲಿಂಡರಿನ ಭಾಗ, ಇಲ್ಲವೇ ಕಂಪ್ರೆಷನ್, ಅಂದರೆ ಗಾಳಿ ಹಿಂಡುವುದು. ಇಲ್ಲಿ ಹೊಗೆ ಸ್ವಲ್ಪ ಹೇಳುತ್ತದೆ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಅಂದರೆ ಡೀಸೆಲ್ ಬೀಳುತ್ತಿದೆ, ಉರಿಯುತ್ತಿಲ್ಲ. ಹಾಗಾದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ನಾಜಲ್ ಸಿಂಪಡಿಸುವ ಬದಲು ಜೊಲ್ಲು ಸುರಿಸುತ್ತಿದೆ, ಅಥವಾ ಗಾಳಿ ಸಾಕಷ್ಟು ಕಾಯುತ್ತಿಲ್ಲ. ಹೊಗೆಯೇ ಇಲ್ಲದೆ ಮಿಸ್ ಹೊಡೆದರೆ ಡೀಸೆಲ್ಲೇ ಹೋಗುತ್ತಿಲ್ಲವೇನೋ. ನೀಲಿ ಹೊಗೆ ಎಂಜಿನ್ ಆಯಿಲಿನದ್ದು. ಕಪ್ಪು ಹೊಗೆ ಸ್ಲೋನಲ್ಲಿ ಬಂದರೆ ನಾಜಲ್ ಮೇಲೆ ಅನುಮಾನ, ಮತ್ತೆ ಏರ್ ಫಿಲ್ಟರ್ ನೋಡಿ.

ಹೊಗೆಗಿಂತ ಗಟ್ಟಿ ಸಾಕ್ಷಿ ಬೇಕಾದರೆ ನಾಜಲ್ ಅದಲುಬದಲು ಮಾಡುವುದು. ಸತ್ತ ಸಿಲಿಂಡರಿನದ್ದನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಇಲ್ಲಿಗೆ. ತೊಂದರೆ ನಾಜಲ್ ಜೊತೆ ಹೋದರೆ ನಾಜಲ್ ತಪ್ಪು, ಇಲ್ಲೇ ಉಳಿದರೆ ನಾಜಲ್ ನಿರಪರಾಧಿ. ಹಾಕುವಾಗ ನಾಜಲ್ ಕೆಳಗೆ ಹೊಸ ತಾಮ್ರದ ವಾಷರ್ ಹಾಕಿ, ಹಳೆಯದು ಒಳಗೇ ಅಂಟಿಕೊಂಡಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಎರಡು ವಾಷರ್ ಆದರೆ ನಾಜಲ್ ಇರಬೇಕಾದದ್ದಕ್ಕಿಂತ ಮೇಲಕ್ಕೆ ಕೂರುತ್ತದೆ, ಸಿಂಪಡಿಸುವ ಜಾಗ ತಪ್ಪುತ್ತದೆ. ಒಂದು ರೋಗ ಹುಡುಕಲು ಹೋಗಿ ಇನ್ನೊಂದು ತಂದುಕೊಂಡ ಹಾಗೆ.

ಪಂಪ್ ಕೊನೆಗೆ. ನಮ್ಮ ಕಡೆ ಈ ಪಂಪನ್ನು ಈಗಲೂ ಮೈಕೋ ಪಂಪ್ ಅಂತಲೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು, ಗ್ಯಾರೇಜುಗಳು ಒಪ್ಪಿಲ್ಲ. ಒಳಗೆ ಪ್ರತಿ ಸಿಲಿಂಡರಿಗೂ ಒಂದು ಪ್ಲಂಜರ್, ಅದು ಓಡಾಡುವ ಒಂದು ಬ್ಯಾರಲ್. ಇವೆರಡರ ಮಧ್ಯದ ಸಂದಿ ಕೆಲವೇ ಮೈಕ್ರಾನ್, ತಲೆಕೂದಲಿನ ಇಪ್ಪತ್ತರಲ್ಲಿ ಒಂದು ಭಾಗದ ಲೆಕ್ಕ. ಧೂಳು ಬೀಳುವ ಜಾಗದಲ್ಲಿ ಬಿಚ್ಚುವ ವಸ್ತುವೇ ಅಲ್ಲ. ಏರಿಳಿತದ ತೊಂದರೆ ಇದ್ದು, ಏರ್ ಇಲ್ಲ ಅಂತ ಖಾತ್ರಿಯಾದರೆ ಆಗ ಗವರ್ನರ್ ನೋಡಿಸಬೇಕು. ಕೆಲವು ಹಳೆ ಸಣ್ಣ ಡೀಸೆಲ್ ಎಂಜಿನ್‌ಗಳಲ್ಲಿ ಗವರ್ನರ್ ಗಾಳಿಯ ಸೆಳೆತದಿಂದ ನಡೆಯುತ್ತದೆ. ಅದರೊಳಗಿನ ಡಯಾಫ್ರಮ್ ಹರಿದಿದ್ದರೆ ಅಥವಾ ಅದಕ್ಕೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದ್ದರೆ ಎಂಜಿನ್ ತೂಗುಯ್ಯಾಲೆ ಆಡುತ್ತದೆ. ಪಂಪ್ ಇಳಿಸುವ ಮುಂಚೆ ಆ ಪೈಪ್ ಒಮ್ಮೆ ನೋಡಿ.

ಈಗ ನನ್ನ ಲಾರಿ. ನಾನು ಹೋಗಿದ್ದ ಮೊದಲ ಶಾಪಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಬಿಸಿಯಾದ ಮೇಲೆ ಜಾಸ್ತಿ ಆಗುತ್ತಾ? ಹೌದು ಅಂದೆ. ಹಾಗಾದರೆ ಪಂಪ್ ಅಂದರು. ಅದು ತಲೆಬುಡ ಇಲ್ಲದ ಮಾತೇನಲ್ಲ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸವೆದ ಪ್ಲಂಜರಿನ ಸಂದಿಯಲ್ಲಿ ಸೋರುತ್ತದೆ. ಪಂಪ್ ಇಳಿಸಿ, ಬೆಂಚಿಗೆ ಹಾಕಿ, ಕ್ಯಾಲಿಬ್ರೇಷನ್ ಮಾಡಿ ಕೊಟ್ಟರು. ಕೆಲಸ ಚೆನ್ನಾಗಿಯೇ ಮಾಡಿದ್ದರು, ಬೇಕಿಲ್ಲದ ಕಡೆ ಮಾಡಿದ್ದರು ಅಷ್ಟೇ. ಮುಂದಿನ ಘಾಟಿಗೆ ಕನ್ನಡಿ ಮತ್ತೆ ನಡುಗಿತು.

ಆಮೇಲೆ ಮೂಡಿಗೆರೆ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಂಡು ಬಾ ಅಂದರು. ಬಂದ ಮೇಲೆ ಬಾನೆಟ್ ಎತ್ತಲಿಲ್ಲ. ಕ್ಯಾಬಿನ್ನಿನಲ್ಲಿದ್ದ ಹಳೆ ಟ್ರಿಪ್ ಶೀಟ್ ಒಂದನ್ನು ಹರಿದು, ಸೈಲೆನ್ಸರ್ ಬಾಯಿಯ ಮುಂದೆ ಎರಡು ಬೆರಳಲ್ಲಿ ಹಿಡಿದರು. ಹಾಳೆ ಪಟಪಟ ಅಂತ ಹೊರಕ್ಕೆ ಹೊಡೆದುಕೊಳ್ಳುತ್ತಿತ್ತು. ನಡುನಡುವೆ, ಒಂದು ಕ್ಷಣ, ಒಳಕ್ಕೆ ಎಳೆದುಕೊಳ್ಳುತ್ತಿತ್ತು.

"ನೋಡು ಮಾರಾಯ, ಉಗುಳೋ ಬಾಯಿ ಉಸಿರು ಎಳ್ಕೊಳ್ತಾ ಉಂಟು" ಅಂದರು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲದಿದ್ದರೆ, ಪಿಸ್ಟನ್ ಕೆಳಗೆ ಇಳಿಯುವಾಗ ಸೈಲೆನ್ಸರ್ ಕಡೆಯಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಅದೇ ಹಾಳೆಗೆ ಗೊತ್ತಾಗುವುದು. ಬರೀ ಮಿಸ್ ಹೊಡೆದರೂ ಹೀಗೆ ಆಗಬಹುದು, ಅದಕ್ಕೇ ಅವರು ಅಷ್ಟಕ್ಕೇ ನಂಬಲಿಲ್ಲ. ನಟ್ ಸಡಿಲಿಸಿ ನೋಡಿದರು, ಮೂರನೇ ಸಿಲಿಂಡರ್ ಸತ್ತಿತ್ತು. ನಾಜಲ್ ಎರಡನೆಯದಕ್ಕೆ ಬದಲಾಯಿಸಿದರು, ತೊಂದರೆ ಮೂರರಲ್ಲೇ ಉಳಿಯಿತು. ಪಂಪ್ ಹೇಗೂ ಹೊಸದಾಗಿ ಸರಿಯಾಗಿತ್ತು. ಉಳಿದದ್ದು ಕಂಪ್ರೆಷನ್ ಒಂದೇ.

ಮಾರನೇ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಕವರ್ ತೆಗೆದರು. ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ಮಧ್ಯೆ ಸಣ್ಣ ಸಂದಿ ಇರಬೇಕು, ಅದನ್ನು ಅಳೆಯುವುದು ತೆಳು ತಗಡಿನ ಎಲೆಗಳ ಫೀಲರ್ ಗೇಜಿನಿಂದ. ಒಂದನೆಯದು, ಎರಡನೆಯದು, ನಾಲ್ಕನೆಯದರಲ್ಲಿ ಫೀಲರ್ ಗೇಜಿನ ಎಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಮೂರನೆಯದರ ಎಕ್ಸಾಸ್ಟ್ ವಾಲ್ವಿಗೆ ಎಲೆಯ ತುದಿಯೂ ಹೋಗಲಿಲ್ಲ. ತಣ್ಣಗಿರುವಾಗಲೇ ಸಂದಿ ಇಲ್ಲ. ಕಾದ ವಾಲ್ವ್ ಉದ್ದ ಆಗುತ್ತದೆ, ತಾನು ಕೂರುವ ಸೀಟಿನಿಂದ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಅದಕ್ಕೇ ಬೆಳಿಗ್ಗೆ ಸರಿ, ಘಾಟಿ ಹತ್ತಿದ ಮೇಲೆ ನಡುಕ. ಹತ್ತುವಾಗ ಎಳೆತ ಸ್ವಲ್ಪ ಕಮ್ಮಿ ಅಂತ ನನಗೂ ಅನ್ನಿಸಿತ್ತು, ಗೊಬ್ಬರ ಜಾಸ್ತಿ ಹಾಕಿದ್ದಾರೆ ಅಂದುಕೊಂಡಿದ್ದೆ.

ಟಕಟಕ ಅನ್ನುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ಸದ್ದು ಮಾಡದ ಟ್ಯಾಪೆಟ್ಟಿಗೇ ಹೆದರಬೇಕು. ಸಡಿಲ ಇದ್ದರೆ ಸದ್ದು ಕಿವಿಗೆ ಬೀಳುತ್ತದೆ, ನಾವು ಸರಿ ಮಾಡಿಸುತ್ತೇವೆ. ಬಿಗಿ ಇದ್ದರೆ ಎಂಜಿನ್ ನಯವಾಗಿದೆ ಅಂತ ಖುಷಿ ಪಡುತ್ತಿರುತ್ತೇವೆ, ಅಷ್ಟರಲ್ಲಿ ಕೆಂಡದಂಥ ಗ್ಯಾಸ್ ಸಂದಿಯಲ್ಲಿ ನುಗ್ಗಿ ವಾಲ್ವಿನ ಅಂಚನ್ನು ಸುಡುತ್ತಿರುತ್ತದೆ.

ಕಂಪನಿ ಬುಕ್ಕಿನ ಅಳತೆಗೆ ಸಂದಿ ಸೆಟ್ ಮಾಡಿದ ದಿನ ಕನ್ನಡಿ ನಿಂತಿತು. ಕೊಟ್ಟಿಗೆಹಾರದಲ್ಲಿ ಅದರೊಳಗೆ ನನ್ನ ಹಿಂದಿನ ಬಸ್ಸಿನ ಬೋರ್ಡ್ ಓದುವಷ್ಟು. ಮೇಸ್ತ್ರಿ ಮಾತ್ರ ಖುಷಿ ಪಡಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದರು. ಮೊನ್ನೆ ತೆಗೆದು ನೋಡಿದೆವು. ಉಳಿದ ಮೂರು ಇದ್ದ ಹಾಗೇ ಇವೆ, ಮೂರನೆಯದರ ಸಂದಿ ಮತ್ತೆ ಅರ್ಧಕ್ಕೆ ಇಳಿದಿದೆ. ಅಂದರೆ ವಾಲ್ವ್ ಸೀಟಿನೊಳಗೆ ಮುಳುಗುತ್ತಿದೆ. ಸ್ಕ್ರೂ ತಿರುಗಿಸಿ ಎಷ್ಟು ದಿನ ಓಡಿಸುವುದು? ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಅಂತ ಮಾತಾಗಿದೆ. ಆಮೇಲೆ ವಾಲ್ವುಗಳಿರುವ ಎಂಜಿನ್ ಹೆಡ್ ಇಳಿಸಬೇಕು.